ಪೀಚಿನ ಗೊರಟು ಯಾರ ಪಾಲು

ಕೇಣಿ

ಗ್ರೀಸಿಗೆ ಹೋಗಿ ಬಂದವಳು ಎಂದು ಕಾರವಾರದ ನಮ್ಮ ಆಫೀಸಿನಲ್ಲಿ ನನಗೀಗ ಸ್ವಲ್ಪ ಮರ್ಯಾದೆ ಹೆಚ್ಚಾಗಿದೆ. ಚಹದ ಹೊತ್ತಿಗೆ ಕುರ್ಚಿ ಎಳೆದುಕೊಂಡು ಬಂದು ಕೂರುತ್ತಾರೆ. ದೊಡ್ಡ ಕಂಬಗಳ ದೇವಸ್ಥಾನ ನೋಡಿದಿರಾ, ನೀಲಿ ಸಮುದ್ರ ನೋಡಿದಿರಾ ಎಂದು ಕೇಳುತ್ತಾರೆ. ನೋಡಲಿಲ್ಲ. ಸಮುದ್ರ ನನಗೆ ದಿನಾ ಅಂಕೋಲೆಯಿಂದ ಕಾರವಾರಕ್ಕೆ ಬರುವ ಬಸ್ಸಿನ ಕಿಟಕಿಯಲ್ಲೇ ಸಿಗುತ್ತದೆ. ಅದಕ್ಕಾಗಿ ವಿಮಾನ ಹತ್ತುವ ಹುಚ್ಚು ನನಗಿಲ್ಲ. ನಾನು ಹೋದದ್ದು ತಮ್ಮನ ಎಲುಬು ತರಲು. ನೋಡಿ ಬಂದದ್ದು ಒಂದು ಅಡುಗೆಮನೆ, ಒಂದು ಸ್ಮಶಾನ ಮತ್ತು ಪೀಚ್ ಹಣ್ಣು ಹೆಚ್ಚುವ ಒಬ್ಬ ಮುದುಕಿ. ಹೇಳಲು ನನ್ನ ಹತ್ತಿರ ಇರುವುದು ಇಷ್ಟೇ.

ನಾವು ತೋಡೂರಿನ ರೈತಾಪಿ ಜನ. ಮನೆಯ ಹಿಂದೆ ಒಂದು ಈಶಾಡ ಮಾವಿನ ಮರವಿತ್ತು. ಅಂಕೋಲೆ ಸೀಮೆಯ ಈಶಾಡ ತಿಂದವರಿಗೆ ಬೇರೆ ಮಾವಿನ ಹೆಸರು ಹೇಳಬಾರದು, ಜಗಳಕ್ಕೆ ಬರುತ್ತಾರೆ. ಹಣ್ಣಿನ ದಿನಗಳಲ್ಲಿ ಆಯಿ, ಅಂದರೆ ನಮ್ಮ ಅಮ್ಮ, ಮಧ್ಯಾಹ್ನ ಊಟದ ಮೇಲೆ ಮೆಟ್ಟುಗತ್ತಿಯ ಮಣೆಯನ್ನು ಪಾದದಲ್ಲಿ ಒತ್ತಿ ಹಿಡಿದು ಕೂರುತ್ತಿದ್ದಳು. ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತಿದರೆ ಎರಡು ಕೆನ್ನೆ ಈಚೆ ಬೀಳುತ್ತಿದ್ದವು. ಕೆನ್ನೆ ನನಗೆ ಮತ್ತು ಅಪ್ಪನಿಗೆ. ಗೊರಟು ಮಾತ್ರ ಯಾವತ್ತೂ ನನ್ನ ತಮ್ಮ ಮಂಜುವಿನ ಪಾಲು. ಮೊಣಕೈವರೆಗೆ ರಸ ಇಳಿಸಿಕೊಂಡು, ಅದು ಬಿಳಿಚಿ ನಾರುನಾರಾಗುವವರೆಗೆ ಚೀಪುತ್ತಿದ್ದ. ನಾನು ಒಮ್ಮೆ ಗೊರಟಿಗೆ ಕೈ ಹಾಕಿದ್ದಕ್ಕೆ ಮಣ್ಣಲ್ಲಿ ಹೊರಳಾಡಿ ಅತ್ತಿದ್ದ. ಆಮೇಲೆ ಯಾರೂ ಆ ತಂಟೆಗೆ ಹೋಗಲಿಲ್ಲ.

ನೌಕಾನೆಲೆ ಕಟ್ಟಲೆಂದು ಸರಕಾರ ನಮ್ಮನ್ನು ಎಬ್ಬಿಸಿತು, ಊರು ಹೋಯಿತು, ಮರವೂ ಬೇಲಿಯಾಚೆ ಉಳಿಯಿತು. ಅಪ್ಪ ಅದಕ್ಕಿಂತ ಮೊದಲೇ ತೀರಿಕೊಂಡಿದ್ದ. ಆಯಿ ಅಂಕೋಲೆಯ ಕಡಲತಡಿಯ ಕೇಣಿಗೆ, ನನ್ನ ಗಂಡನ ಮನೆಗೆ ಬಂದಳು. ಮಂಜು ಸರಕು ಹಡಗಿನಲ್ಲಿ ಅಡುಗೆಯವನಾಗಿ ಹೋದ. ಹೋಗುವ ದಿನ ಆಯಿ, “ನೀ ತಿರುಗಿ ಬರೂ ತನಕಾ ನಾ ಹಣ್ಣು ಬಾಯಿಗಿಡೂದಿಲ್ಲಾ” ಎಂದು ದೇವರ ಮುಂದೆ ಹೇಳಿದಳು. ಅಂವ ನಕ್ಕು, “ಈಶಾಡಿನ ಹೊತ್ತಿಗೆ ಬತ್ತೆ ಆಯಿ” ಎಂದ. ಆಮೇಲೆ ಪ್ರತಿ ವರ್ಷ ಫೋನಿನಲ್ಲಿ ಅದನ್ನೇ ಹೇಳಿದ. ಹಡಗು ಅಲ್ಲಿದೆ, ಹಡಗು ಇಲ್ಲಿದೆ ಎಂದ. ಒಂದು ಬೇಸಗೆಯಲ್ಲಿ ಬಲ್ಬೀರ ಎಂಬ ಪಂಜಾಬಿಯವನು ಗ್ರೀಸಿನಿಂದ ಫೋನು ಮಾಡಿ ಹಿಂದಿಯಲ್ಲಿ ಹೇಳಿದ: ಮಂಜು ಹಡಗು ಬಿಟ್ಟು ಬಹಳ ಕಾಲವಾಗಿತ್ತು, ಪೀಚ್ ತೋಟದಲ್ಲಿ ಕೆಲಸಕ್ಕಿದ್ದ, ಹಣ್ಣು ಕೊಯ್ಯುವಾಗ ಏಣಿಯಿಂದ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಅಲ್ಲಿ ಸುಡುವ ಪದ್ಧತಿಯಿಲ್ಲ, ಹೂಳಿ ಆಗಿದೆ. ತೆಂಗಿನಷ್ಟೆತ್ತರದ ಮಾವಿನ ಮರದ ತುದಿಗೆ ಹೋಗಿ ಕೂರುತ್ತಿದ್ದವನು ಆಳೆತ್ತರದ ಗಿಡದಿಂದ ಬಿದ್ದು ಸತ್ತ ಎಂದರೆ ಯಾರು ನಂಬಬೇಕು?

ಆಯಿ ನಂಬಲೇ ಇಲ್ಲ. ದೇಹ ಸಿಗದವರಿಗೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮಾಡಬಹುದು ಎಂದು ಭಟ್ಟರು ಹೇಳಿದರೆ, “ಹುಲ್ಲಿನ ಮಗನಿಗೆ ನಾ ಅಳೂದಿಲ್ಲಾ” ಎಂದು ಎದ್ದು ಹೋದಳು. ಮೂರು ವರ್ಷ ಕರ್ಮವಿಲ್ಲ. ಹಣ್ಣಂತೂ ಅಂವ ಹೋದಂದಿನಿಂದಲೇ ಇಲ್ಲ. ಈ ಸಲ ಬಲ್ಬೀರ ಮತ್ತೆ ಫೋನು ಮಾಡಿದ. ಆ ದೇಶದಲ್ಲಿ ಹೂಳಿದ ಜಾಗ ಮೂರು ವರ್ಷಕ್ಕೆ ಮಾತ್ರವಂತೆ, ಆಮೇಲೆ ಎಲುಬು ತೆಗೆದು ಜಾಗ ಬಿಡಬೇಕಂತೆ. ಮಂಜು ಇದ್ದ ಮನೆಯ ಮುದುಕಿ ಎಲುಬು ತೆಗೆಸಿ ಇಟ್ಟಿದ್ದಾಳೆ, ಬೇಕಿದ್ದರೆ ಬನ್ನಿ ಎಂದ. ತೋಡೂರಿನವರನ್ನು ಬದುಕಿದ್ದಾಗ ಒಮ್ಮೆ ಎಬ್ಬಿಸಿದ್ದು ಸಾಲಲಿಲ್ಲ, ಸತ್ತ ಮೇಲೂ ಎಬ್ಬಿಸುತ್ತಾರಲ್ಲ ಎಂದು ನನಗೆ ನಗು ಬಂತು. ನಗು ಹೇಗಿತ್ತೋ ಏನೋ, ಗಂಡ ಬಂದು ನೀರು ಕೊಟ್ಟರು.

ಆಯಿ ಮಾತ್ರ ಎದ್ದು ಕೂತಳು. ನನ್ನ ಕೈ ಹಿಡಿದು ಹೇಳಿದಳು: “ಅವನ್ನ ಪೂರಾ ತಕ್ಕಂಡು ಬಾ ಮಗಾ. ಒಂದು ಚೂರೂ ಅಲ್ಲಿ ಬಿಡಬೇಡ. ಬಿಟ್ರೆ ಅಂವ ಅಲ್ಲೂ ಇಲ್ಲಾ, ಇಲ್ಲೂ ಇಲ್ಲಾ ಆಗ್ತ.”

ಪೂರಾ ತರುತ್ತೇನೆ ಎಂದು ಮಾತು ಕೊಟ್ಟೆ.

ಅಥೆನ್ಸಿನ ಬಸ್ ನಿಲ್ದಾಣ

ಗೋವೆಯಿಂದ ಮುಂಬಯಿ, ಮುಂಬಯಿಯಿಂದ ಎಲ್ಲೋ ಮರಳುಗಾಡಿನ ವಿಮಾನ ನಿಲ್ದಾಣ, ಅಲ್ಲಿಂದ ಅಥೆನ್ಸ್. ದಾರಿಯುದ್ದಕ್ಕೂ ಮೀನಿನ ವಾಸನೆ ಬಂದಾಗಲೆಲ್ಲ ಬೇಡ ಎಂದೆ. ಕರ್ಮ ಮುಗಿಯುವವರೆಗೆ ಮೀನು ಮುಟ್ಟುವುದಿಲ್ಲವೆಂದು ನಿಶ್ಚಯ ಮಾಡಿದ್ದೆ. ಕೇಣಿಯ ಸೊಸೆ ಮೀನು ಬಿಡುವುದು ಎಷ್ಟು ಕಷ್ಟ ಎಂದು ಕೇಣಿಯವರಿಗೇ ಗೊತ್ತು.

ಅಥೆನ್ಸಿನಲ್ಲಿ ನಾನು ಮೊದಲು ಕಲಿತ ಪಾಠ ಗದ್ದದ್ದು. ಬಸ್ ನಿಲ್ದಾಣದ ಕಿಟಕಿಯಲ್ಲಿ “ವೆರಿಯಾ?” ಎಂದು ಊರಿನ ಹೆಸರು ಕೇಳಿದೆ. ಒಳಗಿದ್ದ ದಪ್ಪ ಮೀಸೆಯವನು ಗದ್ದ ಮೇಲೆತ್ತಿ, ಹುಬ್ಬೇರಿಸಿ, ನಾಲಿಗೆಯಲ್ಲಿ ‘ಚ್’ ಎಂದ. ನಮ್ಮಲ್ಲಿ ಗದ್ದ ಎತ್ತಿದರೆ ‘ಏನು?’ ಎಂದರ್ಥ. ಕಿವಿ ಕೇಳಲಿಲ್ಲವೇನೋ ಎಂದು ಇನ್ನೂ ಜೋರಾಗಿ “ವೆರಿಯಾ!” ಎಂದೆ. ಮತ್ತೆ ಗದ್ದ, ಮತ್ತೆ ‘ಚ್’. ಅವನು ಗದ್ದ ಎತ್ತುವುದು, ನಾನು ಕೂಗುವುದು ಹೀಗೇ ನಡೆದು ಹಿಂದೆ ಸಾಲು ಬೆಳೆಯಿತು. ಕೊನೆಗೆ ಇಂಗ್ಲಿಷ್ ಬಲ್ಲ ಹುಡುಗಿಯೊಬ್ಬಳು, ಅದು ‘ಇಲ್ಲ’ ಎನ್ನುವ ಸನ್ನೆ, ನಿಮ್ಮ ಬಸ್ಸು ಬೇರೆ ನಿಲ್ದಾಣದಿಂದ ಎಂದು ತಿಳಿಸಿದಳು. ಇಡೀ ದೇಶ ಇಲ್ಲ ಎನ್ನಲು ಆಕಾಶ ನೋಡುತ್ತದೆ. ನಾನಾದರೋ ಹೂಂ ಎನ್ನಲು ಅಂಕೋಲೆಯ ರೀತಿ ತಲೆ ಅತ್ತಿತ್ತ ತೂಗುತ್ತಿದ್ದೆ, ಅವರಿಗೆ ನಾನು ಏನು ಹೇಳುತ್ತಿದ್ದೇನೆ ಎಂದೇ ತಿಳಿಯುತ್ತಿರಲಿಲ್ಲ.

ಉತ್ತರಕ್ಕೆ ಹೋಗುವ ಬಸ್ಸಿನಲ್ಲಿ ದಿನವಿಡೀ ಕೂತೆ. ಬಸ್ಸಿನಲ್ಲಿ ಯಾರೂ ಯಾರನ್ನೂ ಒತ್ತುವುದಿಲ್ಲ. ಬುಟ್ಟಿ ಮಡಿಲಿಗೆ ಹಾಕುವುದಿಲ್ಲ. ‘ಎಲ್ಲಿಗೆ ಹೊರಟದ್ದು, ಎಷ್ಟು ಮಕ್ಕಳು’ ಎಂದು ಕೇಳುವವರಿಲ್ಲ. ನಮ್ಮ ಬಸ್ಸಿನಲ್ಲಾದರೆ ಅಮದಳ್ಳಿ ದಾಟುವುದರೊಳಗೆ ನನ್ನ ಕಥೆ ಕೇಳಿ ನಾಲ್ಕು ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬಳೇ ಇಷ್ಟು ದುಃಖ ಹೊತ್ತುಕೊಂಡು ಇಷ್ಟು ಮೆತ್ತನೆಯ ಸೀಟಿನಲ್ಲಿ ನಾನು ಯಾವತ್ತೂ ಕೂತಿರಲಿಲ್ಲ.

ಎಲೆನಿಯ ಅಡುಗೆಮನೆ

ವೆರಿಯಾದಲ್ಲಿ ಬಲ್ಬೀರ ಕಾಯುತ್ತಿದ್ದ. ನಲವತ್ತರ ಗಂಡಸು, ಬಿಸಿಲಿಗೆ ಕಪ್ಪಿಟ್ಟ ಮುಖ. ನನ್ನನ್ನು ನೋಡಿದವನೇ “ದೀದಿ” ಎಂದು ಕಾಲಿಗೆ ಬಗ್ಗಿದ. ಅವನ ಹಳೇ ಗಾಡಿಯಲ್ಲಿ ಹಳ್ಳಿಗೆ ಹೋದೆವು. ರಸ್ತೆಯ ಎರಡೂ ಕಡೆ ಪೀಚ್ ತೋಟ. ಗಿಡಗಳು ನಮ್ಮ ಗೇರು ಗಿಡದಷ್ಟೂ ಎತ್ತರವಿಲ್ಲ. ಈ ಗಿಡವಾ, ಈ ಗಿಡದಿಂದಲಾ ಎಂದು ಪ್ರತಿಯೊಂದನ್ನೂ ಸಿಟ್ಟಿನಿಂದ ನೋಡುತ್ತ ಹೋದೆ.

ಮುದುಕಿಯ ಹೆಸರು ಎಲೆನಿ. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ. ಗಂಡ ಸತ್ತ ಹೆಂಗಸರು ಅಲ್ಲಿ ಸಾಯುವವರೆಗೆ ಕಪ್ಪೇ ಉಡುತ್ತಾರೆ ಎಂದು ಬಲ್ಬೀರ ಹೇಳಿದ. ಮಕ್ಕಳಿಲ್ಲ. ಅವಳು ಬಾಗಿಲಲ್ಲಿ ನಿಂತು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಕೆನ್ನೆಗೆ ಕೈಯಿಟ್ಟಳು. ಆಮೇಲೆ ಕನ್ನಡದಲ್ಲಿ ಹೇಳಿದಳು:

“ಬಾ. ಉಣ್ಣು.”

ಆ ಊರಿನಲ್ಲಿ, ಆ ಬಾಯಲ್ಲಿ, ಆಯಿಯ ಮಾತು. ನಾನು ಅವಳ ಮೆಟ್ಟಿಲ ಮೇಲೇ ಕುಸಿದು ಕೂತು ಅತ್ತುಬಿಟ್ಟೆ. ಮೂರು ವರ್ಷದಲ್ಲಿ ಆಯಿಯ ಎದುರು ಅಳಲು ಆಗಿರಲಿಲ್ಲ. ಅತ್ತರೆ ಅಂವ ಸತ್ತದ್ದು ನಿಜವೆಂದು ಒಪ್ಪಿಕೊಂಡ ಹಾಗೆ ಆಗುತ್ತಿತ್ತು.

ಮುದುಕಿಗೆ ಕನ್ನಡದಲ್ಲಿ ಬರುತ್ತಿದ್ದದ್ದು ‘ಬಾ’, ‘ಉಣ್ಣು’, ‘ಸಾಕಾ’ ಮೂರೇ. ಉಳಿದದ್ದನ್ನೆಲ್ಲ ಬಲ್ಬೀರ ಹಿಂದಿಗೆ ತಂದು ಹೇಳಬೇಕು. ಊಟ ಬಡಿಸಿ, ಪ್ರತಿ ಸಲ ಸೌಟು ಎತ್ತಿ “ಸಾಕಾ?” ಎಂದಳು. ಸಾಕು ಎಂದರೂ ಹಾಕಿದಳು. ಈ ವಿಷಯದಲ್ಲಿ ಗ್ರೀಸಿಗೂ ಅಂಕೋಲೆಗೂ ಒಂದೇ ಕಾನೂನು.

ಆಮೇಲೆ ಮೇಜಿನ ಮೇಲೆ ಒಂದು ಬುಟ್ಟಿ ಪೀಚ್ ತಂದು ಸುರಿದಳು. ಚಳಿಗಾಲಕ್ಕೆ ಸಕ್ಕರೆ ಪಾಕದಲ್ಲಿ ಹಾಕಿ ಬಾಟಲಿ ತುಂಬಿಡುವ ಕಾಲ ಅದು. ಸುಮ್ಮನೆ ಕೂರಲಾರದೆ ನಾನೂ ಕೈ ಹಾಕಿದೆ. ಹಣ್ಣಿನ ಮೈಮೇಲೆಲ್ಲ ಸಣ್ಣ ರೋಮ. ಸುವರ್ಣಗಡ್ಡೆ ಹೆಚ್ಚಿ ಕೈ ತುರಿಸಿಕೊಂಡು ಬೆಳೆದವಳಿಗೆ ಅದನ್ನು ನೋಡಿಯೇ ಗಾಬರಿ. ಮನೆಯಲ್ಲಿ ಗಡ್ಡೆ, ಹಲಸು ಮುಟ್ಟುವ ಮೊದಲು ಮಾಡುವಂತೆ, ಅವಳ ಎಣ್ಣೆ ಬಾಟಲಿ ತೆಗೆದು ಎರಡೂ ಅಂಗೈಗೆ ಹಚ್ಚಿಕೊಂಡೆ. ಹಿಡಿದ ಹಣ್ಣು ಜಾರಿ ಒಲೆಯ ಕೆಳಗೆ ಹೋಯಿತು, ಇನ್ನೊಂದು ಬಲ್ಬೀರನ ಬೂಟಿಗೆ ಬಡಿಯಿತು. ಎಲೆನಿ ನಗಲಿಲ್ಲ. ಎದ್ದು ಬಂದು ಸೋಪು ಹಾಕಿ ನನ್ನ ಕೈ ತೊಳೆಸಿದಳು, ಸಣ್ಣ ಮಗುವಿಗೆ ತೊಳೆಸಿದ ಹಾಗೆ.

ಅವಳ ಕ್ರಮ ಬೇರೆ. ಹಣ್ಣಿನ ಬುಡದಲ್ಲಿ ಚಾಕುವಿನಿಂದ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆಯುತ್ತಾಳೆ. ಕುದಿಯುವ ನೀರಿಗೆ ಬಿಟ್ಟು, ಒಂದೆರಡು ಉಸಿರಿನಷ್ಟು ಹೊತ್ತಿಗೆ ಜಾಲರಿ ಸೌಟಿನಲ್ಲಿ ಎತ್ತಿ ತಣ್ಣೀರಿಗೆ ಹಾಕುತ್ತಾಳೆ. ಗೆರೆಯ ಮೂಲೆ ಹಿಡಿದು ಎಳೆದರೆ ಸಿಪ್ಪೆ, ನೆನೆಸಿದ ಬಾದಾಮಿಯ ಸಿಪ್ಪೆಯಂತೆ, ತಾನೇ ಬಿಟ್ಟು ಬರುತ್ತದೆ. ಒಳಗಿನದು ಅರಿಸಿನದ ಬಣ್ಣ, ಗೊರಟಿನ ಹತ್ತಿರ ಕುಂಕುಮದ ಬಣ್ಣ. ಹೆಚ್ಚಿದ ಮೇಲೆ ಕಪ್ಪಾಗದ ಹಾಗೆ ನಿಂಬೆರಸ ಸವರುತ್ತಾಳೆ. ಬಿಡುಗೊರಟಿನ ಜಾತಿಯಾದರೆ ಹಣ್ಣಿನ ಗೆರೆಗುಂಟ ಸುತ್ತ ಕೊಯ್ದು, ಎರಡೂ ಕೈಯಲ್ಲಿ ಹಿಡಿದು ತಿರುಚಿದರೆ ಸರಿಯಾಗಿ ಎರಡು ಹೋಳು. ಅಂಟುಗೊರಟಿನದಾದರೆ ಹಾಗೆ ಆಗುವುದಿಲ್ಲ, ಗೊರಟನ್ನು ಹಿಡಿದುಕೊಂಡೇ ಸುತ್ತಲೂ ಹೋಳು ಬಿಡಿಸಬೇಕು. ಅಂದು ಬುಟ್ಟಿಯಲ್ಲಿದ್ದದ್ದು ಅಂಟುಗೊರಟು.

ನನಗೆ ಆ ಸಣ್ಣ ಚಾಕುವನ್ನು ಗಾಳಿಯಲ್ಲಿ ಹಿಡಿದು ಕೊಯ್ಯಲು ಬರಲಿಲ್ಲ. ಎರಡನೇ ಹಣ್ಣಿಗೇ ಬೆರಳು ಕೊಯ್ದುಕೊಂಡೆ. ತಲೆಕೆಟ್ಟು, ಪಾತ್ರೆ ತೆಗೆದುಕೊಂಡು ನೆಲದ ಮೇಲೆ ಕೂತೆ. ಅವಳ ದೊಡ್ಡ ಚಾಕುವಿನ ಹಿಡಿಕೆಯನ್ನು ಬಲಗಾಲಿನ ಕೆಳಗೆ ಇಟ್ಟು, ಅಲಗು ಮೇಲೆ ಮಾಡಿ, ಪಾದದಿಂದ ಒತ್ತಿ ಹಿಡಿದು, ಹಣ್ಣನ್ನು ಅಲಗಿಗೆ ಒತ್ತಿದೆ. ಯೋಚಿಸಿ ಮಾಡಿದ್ದಲ್ಲ, ಕೈಕಾಲು ತಾವೇ ಮಾಡಿದ್ದು.

ಎಲೆನಿ ಚೀರಿದಳು. ಪಾದ ಕೊಯ್ದುಕೊಳ್ಳುತ್ತೇನೆಂದು ಹೆದರಿದಳು ಎಂದುಕೊಂಡೆ. ಅದಲ್ಲ. ಬಾಯಿಗೆ ಸೆರಗಿಲ್ಲದ ದೇಶ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನ ಪಾದವನ್ನೇ ನೋಡುತ್ತಿದ್ದಳು. ಆಮೇಲೆ ಹಿತ್ತಲ ಕೊಟ್ಟಿಗೆಗೆ ಹೋಗಿ ಏನೋ ತಂದು ನನ್ನ ಮುಂದೆ ಇಟ್ಟಳು. ಹಲಗೆಯ ತುಂಡಿಗೆ ದ್ರಾಕ್ಷಿ ಬಳ್ಳಿ ಕೊಯ್ಯುವ ಕುಡುಗೋಲಿನ ಅಲಗು ಜಡಿದ ಮೆಟ್ಟುಗತ್ತಿ. ಮಣೆಯ ಮೇಲೆ ಪಾದ ಇಟ್ಟೂ ಇಟ್ಟೂ ಒಂದು ಕಡೆ ನುಣುಪಾಗಿತ್ತು.

“ಮಂಜುವೇ ಮಾಡಿದ್ದು,” ಎಂದ ಬಲ್ಬೀರ. “ಮೊದಲ ದಿನ ಅವನೂ ಹೀಗೇ ಚಾಕು ಕಾಲಡಿ ಇಟ್ಟುಕೊಂಡಿದ್ದ. ಅಜ್ಜಿ ಅವತ್ತೂ ಹೀಗೇ ಕಿರುಚಿದ್ದಳು. ಈಗ ಮಣಿಕಟ್ಟು ನೋಯುವ ದಿನ ತಾನೂ ಇದರಲ್ಲೇ ಹೆಚ್ಚುತ್ತಾಳೆ.”

ಎಲೆನಿ ನೆಲದ ಮೇಲೆ ನನ್ನೆದುರು ಕಷ್ಟಪಟ್ಟು ಕೂತಳು. ಕಪ್ಪು ಲಂಗವನ್ನು ಸರಿಸಿ ಪಾದವನ್ನು ಮಣೆಯ ನುಣುಪು ಜಾಗಕ್ಕೆ ಇಟ್ಟಳು. ಹಣ್ಣು ಒತ್ತಿದಳು. ಒಂದು ಕೆನ್ನೆ, ಇನ್ನೊಂದು ಕೆನ್ನೆ. ಕೈಯಲ್ಲಿ ತಿರುಳು ಹತ್ತಿದ ಗೊರಟು ಉಳಿಯಿತು. ಅದನ್ನು ಪಾತ್ರೆಗೆ ಹಾಕದೆ, ತನ್ನ ಬಲಗಡೆಗೆ, ಖಾಲಿ ಜಾಗದ ಕಡೆಗೆ ಕೈಚಾಚಿ ಹಿಡಿದಳು. ಅಲ್ಲಿ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು.

ಪೆಟ್ಟಿಗೆಗಳ ಕೋಣೆ

ಮರುದಿನ ಸ್ಮಶಾನಕ್ಕೆ ಹೋದೆವು. ಬಿಳಿ ಕಲ್ಲು, ಸೂಜಿಮೊನೆ ಮರಗಳು, ಪ್ರತಿ ಕಲ್ಲಿನ ಮೇಲೆ ಗಾಜಿನ ಗೂಡಿನಲ್ಲಿ ದೀಪ. ಮೂಲೆಯಲ್ಲಿ ಒಂದು ಸಣ್ಣ ಕೋಣೆ. ಒಳಗೆ ಕಪಾಟುಗಳು, ಕಪಾಟಿನ ತುಂಬ ತಗಡಿನ ಪೆಟ್ಟಿಗೆಗಳು. ಒಂದೊಂದರಲ್ಲಿ ಒಬ್ಬೊಬ್ಬರು. ಎಲುಬು ತೆಗೆದ ಮೇಲೆ ಮನೆಯ ಹೆಂಗಸರೇ ವೈನಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಹೀಗೆ ಇಡುತ್ತಾರಂತೆ. ಮನೆಯವರು ಇಲ್ಲದವರದ್ದು ಹಿಂದಿನ ಗುಂಡಿಗೆ. ಮಂಜುವಿನ ಎಲುಬು ಗುಂಡಿಗೆ ಹೋಗಬಾರದೆಂದು ಎಲೆನಿಯೇ ತೊಳೆದಿದ್ದಳು. ಅವಳ ಗಂಡನ ಪೆಟ್ಟಿಗೆಯ ಪಕ್ಕದಲ್ಲಿ ಅವನದ್ದು. ಮುಂದೆ ಪುಟ್ಟ ದೀಪ, ಒಂದು ಪೀಚ್ ಹಣ್ಣು.

ನಾನು ಪೆಟ್ಟಿಗೆ ಮುಟ್ಟಿದೆ. ಕಿಟಕಿಯಿಂದ ಬಿದ್ದ ಬಿಸಿಲಿಗೆ ತಗಡು ಬಿಸಿಯಾಗಿತ್ತು. ಬಲ್ಬೀರನಿಗೆ ಹೇಳಿದೆ: “ಇದನ್ನು ನಾನು ಒಯ್ಯುತ್ತೇನೆ, ನಮ್ಮ ತಾಯಿ ಕಾಯುತ್ತಿದ್ದಾಳೆ ಎಂದು ಹೇಳು.”

ಅವನು ಹೇಳಿದ. ಎಲೆನಿ ಗದ್ದ ಮೇಲೆತ್ತಿದಳು, ನಾಲಿಗೆಯಲ್ಲಿ ‘ಚ್’ ಎಂದಳು. ಈ ಸಲ ನನಗೆ ಅರ್ಥ ಕೇಳಬೇಕಾಗಿರಲಿಲ್ಲ.

“ಇಲ್ಲಿ ನಾನು ದಿನಾ ದೀಪ ಹಚ್ಚುತ್ತೇನೆ ಅನ್ನುತ್ತಾಳೆ,” ಬಲ್ಬೀರ ನೆಲ ನೋಡುತ್ತ ಹೇಳಿದ. “ನೀವು ಒಯ್ದು ಸಮುದ್ರಕ್ಕೆ ಹಾಕುತ್ತೀರಿ. ಸಮುದ್ರ ದೀಪ ಹಚ್ಚುತ್ತದಾ ಅಂತ ಕೇಳುತ್ತಾಳೆ.”

ನನಗೆ ತಡೆಯಲಾರದ ಸಿಟ್ಟು ಬಂತು. ಹೆತ್ತವಳು ಅಲ್ಲಿ ಹಣ್ಣು ಬಿಟ್ಟು ಕೂತಿದ್ದಾಳೆ, ಎಲ್ಲಿಯದೋ ಮುದುಕಿ ನನ್ನ ತಮ್ಮನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಳ್ಳುತ್ತಾಳೆ! ಕನ್ನಡದಲ್ಲೇ ಬೈದೆ. ಬಲ್ಬೀರನಿಗೂ ತಿಳಿಯಲಿಲ್ಲ. ಅವಳಿಗೆ ಮಾತ್ರ ತಿಳಿದಿರಬೇಕು. ತಲೆ ತಗ್ಗಿಸಿ ದೀಪದ ಎಣ್ಣೆ ಸರಿಮಾಡುತ್ತ ನಿಂತಳು.

ತೋಟ

ಮಧ್ಯಾಹ್ನ ಇಡೀ ಹಳ್ಳಿ ಬಾಗಿಲು ಹಾಕಿಕೊಂಡು ಮಲಗಿತ್ತು. ಬಲ್ಬೀರ ನನ್ನನ್ನು ತೋಟಕ್ಕೆ ಕರೆದೊಯ್ದ. ಮಂಜು ಬಿದ್ದ ಗಿಡ ತೋರಿಸಿದ. ಉಳಿದ ಗಿಡದ ಹಾಗೇ ಇತ್ತು, ಹಣ್ಣು ಬಿಟ್ಟಿತ್ತು. ಅದರ ಮೇಲೆ ಎಷ್ಟೋ ಸಿಟ್ಟು ಮಾಡಿಕೊಂಡು ಬಂದಿದ್ದೆ. ಬುಡದಲ್ಲಿ ಕೂತಾಗ ನೆರಳು ತಂಪಾಗಿತ್ತು.

“ಇಲ್ಲಿಂದಲೇ ಮನೆಗೆ ಫೋನು ಮಾಡುತ್ತಿದ್ದ,” ಬಲ್ಬೀರ ಹೇಳಿದ. “ಹಡಗು ಆಫ್ರಿಕಾ ದಾಟಿತು ಎನ್ನುತ್ತಿದ್ದ, ಕೈಯಲ್ಲಿ ಪೀಚ್ ಗೊರಟು ಹಿಡಿದುಕೊಂಡು. ನಾವೆಲ್ಲ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು.”

ಆ ಫೋನಿನ ಈಚೆ ಕಡೆ ಆಯಿ, ಹಡಗಿನಲ್ಲಿ ಗಾಳಿ ಜಾಸ್ತಿ ಇದೆಯಾ, ಚಳಿಗೆ ಬಟ್ಟೆ ಇದೆಯಾ ಎಂದು ಕೇಳುತ್ತಿದ್ದಳು. ನನಗೆ ನಗು ಬರಲಿಲ್ಲ. ಕಾಗದಪತ್ರ ಇಲ್ಲದ್ದಕ್ಕೆ ಊರಿಗೆ ಬರಲು ಆಗಲಿಲ್ಲವೇನೋ ಪಾಪ ಎಂದೆ.

ಬಲ್ಬೀರ ಉದುರಿ ಬಿದ್ದ ಹಣ್ಣೊಂದನ್ನು ಬೂಟಿನಿಂದ ಆಚೆ ತಳ್ಳಿದ. “ದೀದಿ, ಸುಳ್ಳು ಹೇಳಲಾರೆ. ಕಾಗದ ಸಿಕ್ಕಿತ್ತು. ಒಮ್ಮೆ ಹೋಗಿಬರಬಹುದಿತ್ತು. ಆ ಚಳಿಗಾಲ ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಇವನೇ ಎತ್ತಿ ಕೂರಿಸಿ ಉಣ್ಣಿಸಿದ. ಆಮೇಲೆ ಹೋಗುವ ಮಾತು ತೆಗೆಯಲಿಲ್ಲ. ನಿಮ್ಮ ಊರಿನ ಸಾಸಿವೆ ಎಂಬ ಯಾವುದೋ ಪದಾರ್ಥ ಮಾಡುತ್ತಿದ್ದ, ಮಾವಿನಹಣ್ಣಿನ ಬದಲು ಪೀಚ್, ತೆಂಗಿನಕಾಯಿಯ ಬದಲು ಬಾದಾಮಿ ಅರೆದು. ಊರಿನ ರುಚಿ ಬಂತಾ ಎಂದು ಕೇಳಿದರೆ, ಇದೇ ಊರು ಎನ್ನುತ್ತಿದ್ದ.”

ಅಂವ ಬರಲಾರದೆ ಉಳಿದದ್ದಲ್ಲ, ಉಳಿಯಬೇಕೆಂದು ಉಳಿದದ್ದು. ಸತ್ತ ಸುದ್ದಿ ಕೇಳಿದಾಗ ಆದದ್ದಕ್ಕಿಂತ ಹೆಚ್ಚಿನ ಸಂಕಟ ನನಗೆ ಆಗ ಆಯಿತು. ಸತ್ತವನನ್ನಾದರೂ ನಮ್ಮವನು ಎಂದು ಅಳಬಹುದಿತ್ತು. ಇಲ್ಲಿ ಕೂತು ಗೊರಟು ಚೀಪುತ್ತ ಇದೇ ಊರು ಎಂದವನನ್ನು ಏನೆಂದು ಅಳುವುದು? ಆಯಿಗೆ ಏನು ಹೇಳುವುದು?

ಹೊರಡುವ ಬೆಳಿಗ್ಗೆ

ಮತ್ತೆರಡು ದಿನ ನಾನೂ ಎಲೆನಿಯೂ ಒಬ್ಬರಿಗೊಬ್ಬರು ಮುಖ ಕೊಡದೆ ಪೀಚ್ ಹೆಚ್ಚಿದೆವು. ಅವಳು ಸಿಪ್ಪೆ ಬಿಡಿಸುತ್ತಿದ್ದಳು, ನಾನು ಮಂಜುವಿನ ಮೆಟ್ಟುಗತ್ತಿಯ ಮೇಲೆ ಪಾದ ಇಟ್ಟು ಹೋಳು ಮಾಡುತ್ತಿದ್ದೆ. ಬಾಟಲಿಗಳು ಸಾಲಾಗಿ ತುಂಬುತ್ತಿದ್ದವು. ಜಗಳ ಆಡಿದ ಮನೆಯಲ್ಲೂ ಕೆಲಸ ನಿಲ್ಲುವುದಿಲ್ಲವಲ್ಲ.

ಹೊರಡುವ ಬೆಳಿಗ್ಗೆ ಅವಳು ನನ್ನನ್ನು ಮೇಜಿಗೆ ಕರೆದಳು. ಒಂದೇ ಒಂದು ಹಣ್ಣು ಇಟ್ಟುಕೊಂಡಿದ್ದಳು, ಬಿಡುಗೊರಟಿನದು. ಗೆರೆಗುಂಟ ಸುತ್ತ ಕೊಯ್ದು, ತಿರುಚಿ, ಎರಡು ಮಾಡಿದಳು. ಗೊರಟಿಲ್ಲದ ಹೋಳನ್ನು ನನ್ನ ಕೈಯಲ್ಲಿಟ್ಟಳು. ಗೊರಟಿದ್ದ ಹೋಳನ್ನು ತನ್ನ ಎದೆಯ ಹತ್ತಿರ ಹಿಡಿದುಕೊಂಡು ನನ್ನ ಮುಖ ನೋಡಿದಳು. ಬಲ್ಬೀರ ಬಾಗಿಲಲ್ಲೇ ನಿಂತಿದ್ದ, ಅವನು ಏನೂ ಹೇಳಬೇಕಾಗಲಿಲ್ಲ.

ಮೇಜಿನ ಮೇಲೆ ತಗಡಿನ ಪೆಟ್ಟಿಗೆ ಇತ್ತು. ಬೆಳಗಿನ ಜಾವವೇ ಹೋಗಿ ತಂದಿದ್ದಳು. ಮುಚ್ಚಳ ತೆಗೆದು, ಬಿಳಿ ಬಟ್ಟೆಯ ಮೇಲೆ, ಸಣ್ಣ ಸಣ್ಣ ಎಲುಬು ಒಂದೊಂದೇ ಆರಿಸಿ ಇಟ್ಟಳು. ತೊಳೆದವಳು ಅವಳೇ, ಯಾವುದು ಯಾವುದೆಂದು ಅವಳಿಗೆ ಗೊತ್ತಿತ್ತು. ಆಮೇಲೆ ತನ್ನ ಬಲಗೈ ಎತ್ತಿ, ಬೆರಳು ಅಗಲಿಸಿ ತೋರಿಸಿದಳು. ಮಂಜು ಹಣ್ಣು ಹಿಡಿಯುತ್ತಿದ್ದ ಕೈಯ ಎಲುಬು.

ಪೂರಾ ಕೊಡು ಎಂದು ನಾನು ಕೇಳಬಹುದಿತ್ತು. ಕಾನೂನು ನನ್ನ ಕಡೆಗಿತ್ತು. ಪೊಲೀಸರನ್ನು ಕರೆದರೂ ನನ್ನದೇ ಸರಿ ಎನ್ನುತ್ತಿದ್ದರು. ಕೇಳಲಿಲ್ಲ. ಬಟ್ಟೆಯ ನಾಲ್ಕು ಮೂಲೆ ಕಟ್ಟಿ ಕೈಚೀಲದಲ್ಲಿಟ್ಟುಕೊಂಡೆ. ಅವಳು ಇನ್ನೂ ಗಟ್ಟಿಯಿದ್ದ ಕೆಲವು ಪೀಚ್ ಹಣ್ಣನ್ನು ಕಾಗದದಲ್ಲಿ ಸುತ್ತಿ ನನ್ನ ಸೀರೆಗಳ ನಡುವೆ ತುರುಕಿದಳು. ಬಾಗಿಲಲ್ಲಿ ನನ್ನ ಎರಡೂ ಕೆನ್ನೆ ಹಿಡಿದು, ಹೊರಡುವವರಿಗೆ ಏನು ಹೇಳಬೇಕೆಂದು ಮಂಜು ಕಲಿಸಿರಲಿಲ್ಲವಾದ್ದರಿಂದ, “ಬಾ” ಎಂದಳು.

ಮತ್ತೆ ಕೇಣಿ

ಆಯಿ ಜಗಲಿಯಲ್ಲೇ ಕೂತಿದ್ದಳು. ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ತೂಗಿ ನೋಡಿದಳು.

“ಇಷ್ಟೇಯಾ?”

“ಮಣ್ಣಲ್ಲಿ ಮೂರು ವರ್ಷ ಇದ್ರೆ ಇಷ್ಟೇ ಉಳೂದು ಆಯಿ.”

“ಪೂರಾ ತಂದ್ಯಾ?”

“ಹೂಂ.”

ಅವಳು ಮತ್ತೆ ಕೇಳಲಿಲ್ಲ. ಗಂಟನ್ನು ಮಡಿಲಲ್ಲಿಟ್ಟುಕೊಂಡು, ಮೂರು ವರ್ಷದಿಂದ ತಡೆದದ್ದನ್ನೆಲ್ಲ ಅತ್ತಳು.

ಭಟ್ಟರು ದಿನ ನೋಡಿದರು. ಕರ್ಮಕ್ಕೆ ತೋಡೂರಿನ ದಾಯಾದಿಯೊಬ್ಬ ಕೂತ. ಮಳೆ ಸ್ವಲ್ಪ ಬಿಟ್ಟಿತ್ತು, ಸಮುದ್ರ ಮಾತ್ರ ಕೆಸರಿನ ಬಣ್ಣದಲ್ಲಿ ಕೂಗುತ್ತಿತ್ತು. ಎಲುಬನ್ನು ತೆರೆಗೆ ಬಿಟ್ಟದ್ದಾಯಿತು. ಪಿಂಡ ಇಟ್ಟು, ಬಾಳೆಲೆಯ ಮೇಲೆ ಮಂಜುವಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಕಾಗೆ ಮುಟ್ಟಲೆಂದು ದೂರ ಸರಿದು ನಿಂತೆವು. ಕಾಗೆ ಮುಟ್ಟದಿದ್ದರೆ ಸತ್ತವನ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ನಮ್ಮ ಕಡೆ ಲೆಕ್ಕ. ಅದೇನೆಂದು ಊಹಿಸಿ ಗಟ್ಟಿಯಾಗಿ ಮಾತು ಕೊಡಬೇಕು.

ಕೇಣಿಯಲ್ಲಿ ಕಾಗೆಗೆ ಬರವೇ? ಮೀನಿನ ಬುಟ್ಟಿಯ ಸುತ್ತ ನೂರಾರು. ತೆಂಗಿನ ಗರಿಯ ಮೇಲೆ ಸಾಲಾಗಿ ಕೂತು ಎಲೆಯನ್ನು ನೋಡಿದವು. ಒಂದೂ ಇಳಿಯಲಿಲ್ಲ.

“ಆಯಿನ್ನ ನಾ ನೋಡ್ಕಳ್ತೆ ಮಂಜಾ,” ಎಂದೆ ನಾನು. ಬರಲಿಲ್ಲ. ದಾಯಾದಿ, “ಈಶಾಡ ಕಸಿ ತಂದು ನೆಡ್ತೆವು” ಎಂ‍ದ. ಬರಲಿಲ್ಲ. ಭಟ್ಟರು ಕೊಡೆ ಮಡಚಿ ಮೋಡ ನೋಡತೊಡಗಿದರು. ಆಯಿ ಕಾಗೆಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

“ನೀ ಪೂರಾ ತಂದಿಲ್ಲಾ.”

ನಾನು ಮರಳಿನ ಮೇಲೆ ಕೂತುಬಿಟ್ಟೆ. ಎಲ್ಲ ಹೇಳಿದೆ. ಮೆಟ್ಟುಗತ್ತಿ ಹೇಳಿದೆ, ಪೆಟ್ಟಿಗೆ ಹೇಳಿದೆ, ಕಾಗದ ಸಿಕ್ಕರೂ ಅಂವ ಬರದೇ ಉಳಿದದ್ದನ್ನೂ ಹೇಳಿದೆ. ಅದನ್ನು ಹೇಳುವಾಗ ಆಯಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವಳು ನನ್ನ ಪಕ್ಕ ಮರಳಿನಲ್ಲಿ ಕೂತು ಕೇಳಿದಳು:

“ಆ ಅಜ್ಜಿ ದೀಪ ಹಚ್ತದ್ಯಾ?”

“ದಿನಾ ಹಚ್ತದೆ.”

“ಗೊರಟು ಯಾರಿಗೆ ಕೊಡ್ತಿತ್ತು?”

“ಅವನಿಗೇ ಆಯಿ. ಈಗೂ ಕೈ ಚಾಚ್ತದೆ.”

ಆಯಿ ಎದ್ದಳು. “ಆ ಹಣ್ಣು ಅದ್ಯಾ? ತಕ್ಕಂಡು ಬಾ. ಮೆಟ್ಟುಗತ್ತಿನೂ ತಾ.”

ತಂದ ಪೀಚುಗಳಲ್ಲಿ ಕೆಡದೆ ಉಳಿದದ್ದು ಒಂದೇ. ಮನೆ ಅಲ್ಲೇ ಹತ್ತಿರ, ಓಡಿಹೋಗಿ ತಂದೆ. ಬಿಸಿನೀರಿಲ್ಲ, ಸಿಪ್ಪೆ ಬಿಡಿಸಲಿಲ್ಲ. ಆಯಿ ಸೆರಗಿನಲ್ಲಿ ಒರೆಸಿ ರೋಮ ತೆಗೆದಳು. ಮರಳಿನ ಮೇಲೆ ಮಣೆ ಊರಿ, ಪಾದ ಒತ್ತಿ, ಎಂದೂ ಕಾಣದ ಆ ಹಣ್ಣನ್ನು ಅಲಗಿಗೆ ಹಿಡಿದಳು. ಒಂದು ಕೆನ್ನೆ, ಇನ್ನೊಂದು ಕೆನ್ನೆ. ಎರಡನ್ನೂ ಎಲೆಯ ಮೇಲಿಟ್ಟು, ಸಮುದ್ರದ ಕಡೆ ತಿರುಗಿ, ಮಗನನ್ನು ಊಟಕ್ಕೆ ಕರೆಯುವ ದನಿಯಲ್ಲೇ ಕೂಗಿದಳು:

“ಮಂಜಾ, ಕೇಳು. ನೀ ಆ ಅಜ್ಜಿ ಹತ್ರಾನೇ ಇರು. ಈಶಾಡಿನ ಹೊತ್ತಿಗೆ ಬಾ ಅಂತ ನಾ ಇನ್ನು ಕರೂದಿಲ್ಲಾ. ಹೆದರ್ಬೇಡ, ಸುಳ್ಳು ಹೇಳ್ಬೇಡ. ಉಂಡ್ಕಂಡು ಹೋಗು.”

ನಾವು ಹಿಂದೆ ಸರಿದೆವು. ಗರಿಯ ಮೇಲಿದ್ದ ಒಂದು ಕಾಗೆ ಮರಳಿಗೆ ಇಳಿಯಿತು, ಎರಡು ಹೆಜ್ಜೆ ಕುಪ್ಪಳಿಸಿತು, ಪೀಚಿನ ಹೋಳು ಕಚ್ಚಿಕೊಂಡು ಹಾರಿತು. ಭಟ್ಟರು “ಆಯ್ತು” ಎಂದರು.

ಆಯಿಯ ಕೈಯಲ್ಲಿ ಗೊರಟು ಉಳಿದಿತ್ತು. ಅಭ್ಯಾಸದಂತೆ ಬಲಗಡೆಗೆ ಕೈ ಚಾಚಿದಳು. ಪಕ್ಕದಲ್ಲಿ ನಾನಿದ್ದೆ, ತೆಗೆದುಕೊಳ್ಳಲು ನನ್ನ ಕೈ ಏಳಲಿಲ್ಲ. ಅವಳೂ ನನಗೆಂದು ಚಾಚಿದ್ದಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡು, ಗೊರಟನ್ನು ತಾನೇ ಬಾಯಿಗಿಟ್ಟುಕೊಂಡಳು. ಮಗ ಹೋದ ದಿನದಿಂದ ಅವಳ ಬಾಯಿಗೆ ಹೋದ ಮೊದಲ ಹಣ್ಣು ಅದು. ನಿಧಾನವಾಗಿ ಚೀಪಿದಳು.

“ಸ್ವಲ್ಪ ಹುಳಿ ಅದೆ,” ಎಂದಳು. “ಅವನಿಗೆ ಇದು ಸಾಕಾಗ್ತಿತ್ತಾ?”